ಒಂದು ಮೊರ ತೌಡು

ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ, ಹೊಸ ಕೂಸನ್ನು ಒಂದು ಮೊರ ತೌಡಿಗೆ ನೆರೆಯವರಿಗೆ ಮಾರಿದಂತೆ ಮಾಡಿ ತಾವೇ ಸಾಕುವ ಶಾಸ್ತ್ರವಿತ್ತು; ಕೂಸು ಈ ಮನೆಯದಲ್ಲವೆಂದು ಸಾವು ಬಿಟ್ಟುಹೋಗಲಿ ಎಂದು. ಹಾಗೆ ಬದುಕಿದವಳು ತೌಡವ್ವ. ಊರಿಗೆಲ್ಲ ಆ ಹೆಸರಿನವಳು ಅವಳೊಬ್ಬಳೇ. ಕಾಲೇಜು ಸೇರಿದ ಮೇಲೆ ಯಾರಾದರೂ ಹಾಗೆ ಕರೆದರೆ ಮೈಯೆಲ್ಲ ಹಿಡಿಯಾಗುತ್ತಿತ್ತು.

ನೋಡಲು ಬಂದ ಗಂಡಿನ ಕಡೆಯವರು ಹೆಸರು ಕೇಳಿದಾಗ "ತನುಜಾ" ಎಂದಳು. ಅಷ್ಟರಲ್ಲಿ ಪಕ್ಕದ ಮನೆಯ ನೀಲಜ್ಜಿ ಅಂಗಳದಿಂದ ಕೂಗಿದಳು, "ತೌಡವ್ವಾ, ಎಲ್ಲಿ ಅದಿ?"

ಗಂಡಿನ ತಾಯಿ ನಕ್ಕಳು. "ಇದೆಂಥಾ ಹೆಸರವಾ! ಯಾರಿಗೆ ಕರಿಯಾಕತ್ತಾಳ ಆಕಿ?"

"ಎಮ್ಮಿಗ್ರೀ," ಎಂದುಬಿಟ್ಟಳು ಹುಡುಗಿ.

ನೀಲಜ್ಜಿ ಆಗಲೇ ಹೊಸ್ತಿಲ ಮೇಲಿದ್ದಳು. ಮಾತು ಅವಳ ಕಿವಿಗೆ ಬಿದ್ದಿತ್ತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಹುಡುಗಿಗೆ.

"ಹೌದ್ರೀ ಯವ್ವಾ, ಎಮ್ಮಿಗೇ," ಎಂದಳು ಮುದುಕಿ. "ಹುಟ್ಟಿದಾಗ ಉಳಿಯೂ ಹಂಗ ಇರಲಿಲ್ಲ. ನಾನೇ ಒಂದು ಮೊರ ತೌಡು ಕೊಟ್ಟು ಉಳಿಸ್ಕೊಂಡೆ."