ನೂರಾ ಹದಿನೇಳನೆಯ ದಾನಿ

ರಿಜಿಸ್ಟರಿನ ಮೇಲಿಟ್ಟ ಕೈಯನ್ನು ಶೇಖರಮ್ಮ ತೆಗೆಯಲಿಲ್ಲ. ಮೂರು ತಾಲೂಕಿನ ರಕ್ತದಾನಿಗಳ ಹೆಸರು, ಫೋನು, ರಕ್ತದ ಗುಂಪನ್ನು ಇಪ್ಪತ್ತು ವರ್ಷ ಅದರಲ್ಲಿ ಬರೆದಿಟ್ಟವಳು ಅವಳು. ಎಲ್ಲವೂ ಕಂಪ್ಯೂಟರಿಗೆ ಏರಿದೆ, ಇನ್ನು ಇದನ್ನು ರದ್ದಿಗೆ ಹಾಕಿ ಎಂದು ಸಂಘದವರು ಹೇಳಿದ್ದರು.

“ಅಕ್ಕಾರ, ಸಿಂಧನೂರಿನ ಈ ಮಷೀನು ಪ್ರೈಮರಿ, ಅಂದ್ರ ಮೂಲ. ಲಿಂಗಸುಗೂರಿನ್ಯಾಗ ಇರೋದು ರೆಪ್ಲಿಕಾ, ಇದರ ನಕಲು. ದಾನಿ ನಂಬರ್ ಹೊಡೆದ್ರ ಎರಡರಾಗೂ ಅದಾ ವಿವರ ಬರತೈತಿ,” ಎಂದ ಕಂಪ್ಯೂಟರ್ ಜೋಡಿಸಲು ಬಂದಿದ್ದ ವೀರೇಂದ್ರ. ಲಿಂಗಸುಗೂರಿನದು ಕಾಣಲೆಂದು ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದಿಟ್ಟಿದ್ದ.

“ಇಲ್ಲಿ ಯಾರರ ತಪ್ಪಿ ಅಳಿಸಿದ್ರ?”

“ಅಲ್ಲಿ ಇರತೈತಲ್ರಿ.”

“ಹೌದಾ? ನೂರಾ ಹದಿನೇಳು ಅಳಸು ನೋಡೋಣ.”

ನೂರಾ ಹದಿನೇಳು ಮಸ್ಕಿಯ ಪಂಪಾಪತಿ. ಹೆರಿಗೆಯಲ್ಲಿ ರಕ್ತ ಹೋಗುತ್ತಿದ್ದ ಎಷ್ಟೋ ಹೆಣ್ಣುಮಕ್ಕಳಿಗಾಗಿ ಬೈಕ್ ಹತ್ತಿ ಓಡಿ ಬಂದ ಓ ನೆಗೆಟಿವ್ ಮನುಷ್ಯ. ವೀರೇಂದ್ರ ನಗುತ್ತಲೇ ಅಳಿಸಿದ. ಶೇಖರಮ್ಮ ನೋಡುತ್ತಿದ್ದುದು ಲ್ಯಾಪ್‌ಟಾಪನ್ನು.

“ಈಗ ಅಲ್ಲಿ ತೋರಸು.”

ಅವನು ಲ್ಯಾಪ್‌ಟಾಪಿನಲ್ಲಿ ನಂಬರು ಹೊಡೆದ. ಏನೂ ಬರಲಿಲ್ಲ. ಮತ್ತೊಮ್ಮೆ ಹೊಡೆದ. ಇಲ್ಲಿ ಬರೆದದ್ದು ಅಲ್ಲಿಗೆ ಹೋದಷ್ಟೇ ಬೇಗ, ಅಳಿಸಿದ್ದೂ ಹೋಗಿತ್ತು. ಅವನ ಕಿವಿ ಕೆಂಪಾಯಿತು.

“ಅಕ್ಕಾರ, ಆ ರಿಜಿಸ್ಟರ್ ಒಂಚೂರು ಕೊಡ್ರಿ,” ಎಂದು ಕೈ ಚಾಚಿದ.

ಶೇಖರಮ್ಮ ಅದನ್ನು ತನ್ನ ಕಡೆಗೆ ಎಳೆದುಕೊಂಡು, ಮಡಿಲಲ್ಲಿಟ್ಟುಕೊಂಡೇ ಪುಟ ತೆರೆದಳು.

“ನಾ ಓದತೀನಿ. ನೀ ಬರಕೋ.”