ಚಳಿಗಾಲಕ್ಕೆ ಜೋಡಿ ಬೇಕು

"ಇಲ್ಲಿ ಹಿಡಿಯಮ್ಮ, ಇಲ್ಲಿ! ಸಂದಿ ಬಿಟ್ಟರೆ ಗಾಳಿ ನುಗ್ಗುತ್ತೆ. ಮೊಲಕ್ಕೆ ಚಳಿ ಲೆಕ್ಕಕ್ಕೇ ಇಲ್ಲ, ಕೊಲ್ಲೋದು ಗಾಳಿ," ಅಂದರು ಓರೆಸ್ಟ್ ಡೆರ್ಕಾಚ್. ಕೆನಡಾದ ವಿನಿಪೆಗ್‌ನಲ್ಲಿ ಮೊದಲ ಹಿಮ ಬಿದ್ದು ಎರಡು ದಿನವಾಗಿತ್ತು. ಅವರು ಹಿತ್ತಿಲಲ್ಲಿ ಮೊಲದ ಗೂಡಿಗೆ ಎರಡೆರಡು ಹಲಗೆ ಜೋಡಿಸಿ, ನಡುವೆ ಥರ್ಮಾಕೋಲ್ ತುರುಕಿ ಮೊಳೆ ಹೊಡೆಯುತ್ತಿದ್ದರು. ಹಲಗೆ ಹಿಡಿದು ನಿಂತವಳು ಅವರ ನೆಲಮಾಳಿಗೆಯಲ್ಲಿ ಬಾಡಿಗೆಗಿದ್ದ ಮಾರಿವಿಕ್. ವೃದ್ಧಾಶ್ರಮದ ಕೆಲಸದಲ್ಲಿ ಅವಳಿಗೆ ವಾರಕ್ಕೊಂದು ರಜೆ. ಈ ವಾರದ್ದು ಮೊಲದ ಪಾಲಾಗಿತ್ತು.

"ನನ್ನ ಕಿಟಕೀಲೂ ಗಾಳಿ ನುಗ್ಗುತ್ತೆ ಸರ್."

"ಒಂದು ಟವಲ್ ತುರುಕು ಅಂದಿದ್ದೆನಲ್ಲ. ಎಷ್ಟು ಸಲ ಹೇಳೋದು?"

ಮನೆ ಯಜಮಾನರಿಗೆ ಕರುಣೆ ಇಲ್ಲ ಅಂತ ಯಾರೂ ಅನ್ನೋ ಹಾಗಿರಲಿಲ್ಲ. ಬೇಸಿಗೆಯಲ್ಲಿ ಮೊಮ್ಮಗಳು ಹಟ ಹಿಡಿದು ತಂದ ಮೊಲ, ಶಾಲೆ ಶುರುವಾದ ಮೇಲೆ ತಾತನ ಕೊರಳಿಗೆ ಬಿದ್ದಿತ್ತು. ಒಳಗಿಟ್ಟರೆ ಕಾರ್ಪೆಟ್ ಕಡಿಯುತ್ತೆ, ಹೊರಗೇ ಇರಲಿ, ಆದರೆ ಮಹಾರಾಜನ ಹಾಗಿರಲಿ ಅಂತ ಅವರು ತೀರ್ಮಾನಿಸಿದ್ದರು. ನೆಲದ ತಂಡಿ ತಾಗದ ಹಾಗೆ ನಾಲ್ಕು ಕಾಲು, ಬಿಸಿಲು ಬೀಳಲೆಂದು ದಕ್ಷಿಣಕ್ಕೆ ಬಾಗಿಲು, ತಿನ್ನೋಕೊಂದು ಕೋಣೆ, ಮಲಗೋಕೊಂದು ಕೋಣೆ, ಅದರಲ್ಲಿ ಮೊಳದುದ್ದ ಗೋಧಿಹುಲ್ಲಿನ ಹಾಸಿಗೆ. ಮಾರಿವಿಕ್‌ಗೆ ತಿನ್ನೋದು, ಮಲಗೋದು, ಬಟ್ಟೆ ಒಣಗಿಸೋದು ಎಲ್ಲಾ ಒಂದೇ ಕೋಣೆ. ಅವಳಿಗೆ ಹೊಟ್ಟೆ ಉರಿಯಿತು. ಮೊಲ ನೋಡಿ ಹೊಟ್ಟೆಕಿಚ್ಚು ಪಡೋ ಗತಿ ಬಂತಲ್ಲಾ ಅಂತ ನಾಚಿಕೆಯೂ ಆಯಿತು.

ಕೊನೆಯ ಮೊಳೆ ಹೊಡೆದ ಯಜಮಾನರು ಕಾರಿನಿಂದ ಒಂದು ಡಬ್ಬ ತಂದರು. ಒಳಗೆ ಇನ್ನೊಂದು ಮೊಲ.

"ಇದ್ಯಾಕೆ ಸರ್, ಇನ್ನೊಂದು?"

"ಮತ್ತೆ? ಒಂಟಿ ಮೊಲ ಈ ಊರಿನ ಚಳಿಗಾಲ ದಾಟುತ್ತಾ? ಅಂಟಿಕೊಂಡು ಮಲಗೋಕೆ ಜೊತೆ ಬೇಕು. ಇದರ ಮೈಶಾಖ ಅದಕ್ಕೆ, ಅದರದ್ದು ಇದಕ್ಕೆ. ಅದೇ ತಾಯಿಯ ಮರಿ, ನೂರೈವತ್ತು ಕಿಲೋಮೀಟರ್ ಹೋಗಿ ಹುಡುಕಿ ತಂದೆ. ಅಕ್ಕತಂಗೀರನ್ನ ಅಗಲಿಸಬಾರದು, ಪಾಪ ಬರುತ್ತೆ."

ಮಾರಿವಿಕ್ ಅವರ ಮುಖವನ್ನೇ ನೋಡಿದಳು. ನಿನ್ನೆ ಸಂಜೆಯಷ್ಟೇ ಇದೇ ಮನುಷ್ಯನ ಬಾಗಿಲಲ್ಲಿ ಕೈ ಹೊಸೆಯುತ್ತಾ ನಿಂತಿದ್ದಳು. ನಾಲ್ಕು ವರ್ಷ ಅಲೆದಾಡಿದ ಮೇಲೆ ಗಂಡ ನೆಸ್ಟೋರ್‌ಗೆ ವೀಸಾ ಆಗಿತ್ತು, ಬರುವ ಬುಧವಾರ ಮನಿಲಾದಿಂದ ಬಂದಿಳಿಯುವವನಿದ್ದ. ಅವನೂ ಇಲ್ಲೇ ಇರಲಿ ಅಂತ ಕೇಳಿದ್ದಕ್ಕೆ ಯಜಮಾನರು ಬಾಡಿಗೆ ಕರಾರು ತಂದು "ಒಬ್ಬರಿಗೆ ಮಾತ್ರ" ಅನ್ನೋ ಸಾಲಿನ ಮೇಲೆ ಬೆರಳಿಟ್ಟಿದ್ದರು. ಇಬ್ಬರಾದರೆ ಎಷ್ಟು ಬಿಸಿನೀರು, ಎಷ್ಟು ಕರೆಂಟು! ತಿಂಗಳಿಂದ ಹುಡುಕಿದರೂ ಅವಳ ಸಂಬಳಕ್ಕೆ ಬೇರೆ ಕೋಣೆ ಸಿಕ್ಕಿರಲಿಲ್ಲ. ಗಂಡನನ್ನು ಕರೆದುಕೊಂಡು ಹೋಗುವುದೆಲ್ಲಿಗೆ ಅಂತ ರಾತ್ರಿಯೆಲ್ಲ ಕಣ್ಣು ಮುಚ್ಚಿರಲಿಲ್ಲ.

"ನಾನು ನಾಲ್ಕು ಚಳಿಗಾಲ ಒಂಟಿಯಾಗೇ ದಾಟಿದೆ ಸರ್."

"ನೀನು ಗಟ್ಟಿಗಿತ್ತಿ ಬಿಡು. ಇದು ಪಾಪ, ಬಾಯಿಲ್ಲದ ಪ್ರಾಣಿ."

ಬಾಯಿರುವ ಪ್ರಾಣಿ ಬಾಯಿ ಮುಚ್ಚಿಕೊಂಡಿತು. ಯಜಮಾನರು ಜೇಬಿನಿಂದ ಒಂದು ಚೀಟಿ ತೆಗೆದು ಅವಳ ಕೈಗಿತ್ತರು. ಗುರುವಾರ ಅವರು ಬಿಸಿಲಿನ ಅರಿಜೋನಾಕ್ಕೆ ಹೊರಟರೆ ಮತ್ತೆ ಬರೋದು ಏಪ್ರಿಲ್‌ಗೆ. ಮೊಲಕ್ಕೆ ಲೆಕ್ಕಕ್ಕಿಲ್ಲದ ಚಳಿ ಅವರ ಮಂಡಿಗೆ ಮಾತ್ರ ಆಗಿಬರುತ್ತಿರಲಿಲ್ಲ.

"ಎಲ್ಲಾ ಬರೆದಿದ್ದೀನಿ. ನೀರು ನೋಡ್ತಾ ನೋಡ್ತಾ ಗಡ್ಡೆ ಕಟ್ಟುತ್ತೆ. ಕರೆಂಟಿನ ಬಟ್ಟಲು ಇಟ್ಟರೆ ವೈರು ಕಡೀತವೆ. ಅದಕ್ಕೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬೆಚ್ಚಗಿನ ನೀರು. ಒದ್ದೆ ಹುಲ್ಲು ದಿನಾ ತೆಗಿ. ಮೈನಸ್ ನಲವತ್ತಾದರೆ ಗಂಟೆಗೊಂದು ಸಲ ಬಂದು ನೋಡು."

ನಾಲ್ಕು ವರ್ಷದ ಅಭ್ಯಾಸ, ಅವಳ ತಲೆ ತಾನಾಗಿಯೇ ಹೂಂ ಅಂತ ಆಡಿತು. ಅರ್ಧಕ್ಕೆ ನಿಂತಿತು.

"ಬೆಳಿಗ್ಗೆ ಆರಕ್ಕೆ ಹೋದರೆ ನಾನು ಬರೋದು ಸಂಜೆ ಏಳಕ್ಕೆ ಸರ್. ಮಧ್ಯಾಹ್ನ ಆಗಲ್ಲ."

"ರಜೆ ಹಾಕು."

"ಐದು ತಿಂಗಳಾ?"

ಯಜಮಾನರು ಎಡಗಡೆ ಮನೆ ನೋಡಿದರು. ಆ ಮನೆಯವರಾಗಲೇ ಬೆಚ್ಚಗಿನ ಊರು ಸೇರಿದ್ದರು. ಬಲಗಡೆ ಮನೆಯವರ ಹತ್ತಿರ ಬೇಲಿ ಜಗಳವಾಗಿ ಆರು ವರ್ಷದಿಂದ ಮಾತಿಲ್ಲ. "ಅಯ್ಯೋ, ಹಾಗಾದರೆ ಮಧ್ಯಾಹ್ನದ ನೀರಿಗೆ ಏನಮ್ಮ ಗತಿ? ಸತ್ತು ಹೋಗ್ತವೆ!" ಅಂದಾಗ ಅವರ ದನಿ ನಿಜಕ್ಕೂ ಒಡೆದಿತ್ತು.

ಮಾರಿವಿಕ್ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅವರಿಗೇ ವಾಪಸು ಕೊಟ್ಟಳು. "ದಿನವಿಡೀ ಮನೇಲಿರೋರು ಒಬ್ಬರು ಬರೋರಿದ್ದರು ಸರ್. ಊರಲ್ಲಿ ಕೋಳಿ, ಹಂದಿ ಸಾಕಿ ಪಳಗಿದ ಕೈ. ನೀವೇ ನಿನ್ನೆ ಬೇಡ ಅಂದ್ರಿ."

ಯಜಮಾನರು ಗೂಡಿನೊಳಗೆ ಇಣುಕಿದರು. ಮೊಲಗಳು ಹುಲ್ಲಿನಲ್ಲಿ ಮೈಗೆ ಮೈ ಒತ್ತಿ ಕೂತಿದ್ದವು. ಅವರ ಕಣ್ಣು ತುಂಬಿ ಬಂತು. ಒಳಗೆ ಹೋಗಿ ಕರಾರು ತಂದರು, ಗೂಡಿನ ತಗಡಿನ ಮೇಲಿಟ್ಟು, "ಒಬ್ಬರಿಗೆ ಮಾತ್ರ" ಅನ್ನೋದನ್ನು ಹಾಗೇ ಬಿಟ್ಟು, ಕೆಳಗೆ ಬರೆದರು: "ಮೊಲಗಳ ಆರೈಕೆಗೆ ಒಬ್ಬ ಗಂಡಸು. ಹಿಮ ಕರಗುವವರೆಗೆ." ಮಾರಿವಿಕ್ ತುಟಿ ಕಚ್ಚಿಕೊಂಡು ಸಹಿ ಹಾಕಿದಳು.

ಕೆಳಗಿಳಿದು ಬಂದವಳೇ ಮನಿಲಾಕ್ಕೆ ಫೋನ್ ಮಾಡಿದಳು.

"ಒಪ್ಪಿದರೇನೇ?" ಅಂದ ನೆಸ್ಟೋರ್.

"ಒಪ್ಪಿದ್ರು ಕಣ್ರೀ, ಬನ್ನಿ. ಆದರೆ ಇಲ್ಲಿ ಯಾರಾದರೂ ನೀವ್ಯಾರು ಅಂತ ಕೇಳಿದರೆ ನನ್ನ ಗಂಡ ಅಂದುಬಿಟ್ಟೀರಿ ಮತ್ತೆ. ಮೊಲದ ಕಡೆಯವನು ಅನ್ನಿ."