ತೂಬಿಲ್ಲದ ನೀರು

ದೋಣಿ ಇದ್ದ ಜಾಗದಲ್ಲಿ ದೋಣಿ ಇರಲಿಲ್ಲ. ಬರೀ ನೀರಿತ್ತು. ಅಡವಿಯಪ್ಪ ಒಂದು ಕೈಯಲ್ಲಿ ಸೀರೆ, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದುಕೊಂಡು ತೆಂಗಿನ ಮರದ ಬುಡದಲ್ಲಿ ಗರ ಬಡಿದವನಂತೆ ನಿಂತ. ದೋಣಿ ಹೋದರೆ ಹಾಳಾಗಿ ಹೋಗಲಿ, ಅದರೊಳಗೆ ಬಲೆಯ ಮೇಲೆ ಐದು ತಿಂಗಳ ಮೊಮ್ಮಗಳನ್ನು ಮಲಗಿಸಿ ಮನೆಯೊಳಗೆ ಹೋಗಿದ್ದ ಪುಣ್ಯಾತ್ಮ ಅವನೇ.

ಕುಣಿಗಲ್ ಕಡೆಯ ಕೊತ್ತಗೆರೆಯಿಂದ ಅವನು ಮಗಳ ಮನೆಗೆ ಬಂದದ್ದು ನಿನ್ನೆ. ಮಂಗಳೂರಿನ ಹಳೇ ಬಂದರಿನ ಎದುರಿಗೆ, ನದಿಯಾಚೆಯ ಮರಳು ದಿಬ್ಬದ ಮೇಲೆ ಮೀನುಗಾರರ ಊರು. ಅಡವಿಯಪ್ಪ ಅರ್ಧ ಆಯಸ್ಸು ಕೆರೆಯ ನೀರುಗಂಟಿಯಾಗಿದ್ದವನು. ಯಾರ ಗದ್ದೆಗೆ ಯಾವಾಗ ನೀರು ಬಿಡಬೇಕೆಂದು ಹೇಳುತ್ತಿದ್ದವನು. ಅವನ ಲೆಕ್ಕದಲ್ಲಿ, ಯಾರಾದರೂ ತೂಬು ಎತ್ತುವವರೆಗೆ ನೀರು ಇದ್ದಲ್ಲೇ ಇರುತ್ತದೆ. ಬೆಳಿಗ್ಗೆ ಕೂಸು ಹೆಗಲ ಮೇಲೆ ನಿದ್ದೆಹೋದಾಗ ದೋಣಿ ಒಣ ಮರಳಿನ ಮೇಲಿತ್ತು, ನೀರು ಹತ್ತಿಪ್ಪತ್ತು ಹೆಜ್ಜೆ ಆಚೆಗಿತ್ತು. ಒಣ ನೆಲದ ಮೇಲಿನ ದೋಣಿಯನ್ನೂ ಮರಕ್ಕೆ ಕಟ್ಟಿದ್ದಾರಲ್ಲ, ಇದೇನು ಎದ್ದು ಓಡಿಹೋಗುತ್ತದೆಯೇ ಎಂದು ಅವನಿಗೆ ನಗು ಬಂತು. ಜೋಲಿ ಕಟ್ಟುವುದಕ್ಕೆ ಒಳ್ಳೆಯ ಹಗ್ಗ ಸಿಕ್ಕಿತು ಎಂದುಕೊಂಡು ಬಿಚ್ಚಿದ. ಸೀರೆ ಕೇಳಲು ಒಳಗೆ ಹೋದ.

ಒಳಗೆ ಕಾಫಿ ಬಂತು. ಕಾಫಿಯ ಜೊತೆ ಉಪದೇಶವೂ ಶುರುವಾಯಿತು. ಪಾಪು ಎಲ್ಲಿ ಎಂದು ಮಗಳು ಕೇಳಿದ್ದಕ್ಕೆ, "ಹೊರಗೆ ತಣ್ಣಗೆ ಮಲಗೈತೆ ಬುಡು" ಎಂದ. ಜಗಲಿಯ ಮೇಲೆ ಇರಬೇಕೆಂದು ಅವಳು ಸುಮ್ಮನಾದಳು. "ನೋಡವ್ವ ಮಧು, ಕಡಲ ಪಕ್ಕ ಕೂಸು ಸಾಕೋದು ಅಂದ್ರೆ ಹುಡುಗಾಟ ಅಲ್ಲ. ವರ್ಷ ತುಂಬೋಗಂಟ ನೀನೂ ಕೂಸೂ ನಮ್ಮೂರಲ್ಲಿರಿ. ಈ ಜನಕ್ಕೆ ನೀರಿನ ಭಯಾನೇ ಇಲ್ಲ." ಹಿತ್ತಲಲ್ಲಿ ಮೀನು ಹೆಚ್ಚುತ್ತಿದ್ದ ಬೀಗಿತಿ ಲೀಲಕ್ಕನಿಗೆ ಕೇಳಿಸಲಿ ಎಂದೇ ಗಟ್ಟಿಯಾಗಿ ಹೇಳಿದ್ದ. ಅರ್ಧ ಗಂಟೆ ಹೇಳಿದ್ದ.

ಈಗ ತೆಂಗಿನ ಬುಡದಿಂದಲೇ "ಮಧೂ..." ಎಂದು ಕೂಗಿದ. ಮಗಳು ಹೊರಗೆ ಬಂದಳು. ಅವನ ಕೈಯಲ್ಲಿದ್ದ ಹಗ್ಗ ನೋಡಿದಳು.

"ಪಾಪು ಎಲ್ಲಪ್ಪಾ?"

"ದೋಣೀಲಿ ಮಲಗ್ಸಿದ್ದೆ ಕಣವ್ವ... ಹಗ್ಗ ನಾನೇ ಬಿಚ್ದೆ."

ಮಧುಶ್ರೀ ಚೀರಿದಳು. ಅಡವಿಯಪ್ಪ ಕಡಲಿನ ಕಡೆಗೆ ಓಡಿದ. ನದಿ ಹರಿಯುವುದು ಕಡಲಿಗೆ, ಇದನ್ನು ಯಾರಾದರೂ ಹೇಳಿಕೊಡಬೇಕೆ? ಓಡುತ್ತಲೇ ತಿರುಗಿ ನೋಡಿದರೆ ಮಗಳೂ ಬೀಗಿತಿಯೂ ಅದಕ್ಕೆ ಸರಿಯಾಗಿ ಉಲ್ಟಾ ದಿಕ್ಕಿಗೆ ಓಡುತ್ತಿದ್ದಾರೆ! "ಅಲ್ಲಲ್ಲ ಕಣ್ರೋ, ಕಡಲು ಈ ಕಡೆ ಐತೆ!" ಎಂದು ಬಾಯಿ ಬಾಯಿ ಬಡಿದುಕೊಂಡ.

"ಅತ್ಲಾಗಿ ಅಲ್ಲ ಮಾರಾಯ್ರೆ!" ಲೀಲಕ್ಕ ಓಡುತ್ತಲೇ ಕೂಗಿದಳು. "ಇವತ್ತು ಅಮಾವಾಸ್ಯೆ ಉಬ್ಬರ! ನೀರು ಒಳಗೆ ಬರ್ತಾ ಉಂಟು!"

ಅಡವಿಯಪ್ಪ ನದಿಯನ್ನು ನೋಡಿದ. ಒಂದು ತೆಂಗಿನ ಮಟ್ಟೆ ಕಡಲಿನ ಕಡೆಯಿಂದ ನಿಧಾನವಾಗಿ ಊರೊಳಕ್ಕೆ ತೇಲಿಕೊಂಡು ಬರುತ್ತಿತ್ತು. ನದಿ ಹಿಂದಕ್ಕೆ ಹರಿಯುತ್ತಿತ್ತು. ನೀರಿನ ಜೊತೆ ಅಷ್ಟು ವರ್ಷ ಬಾಳಿದವನಿಗೆ ಇಂಥದ್ದೊಂದು ಇದೆ ಎಂದೇ ಗೊತ್ತಿರಲಿಲ್ಲ. ತಿರುಗಿ ಅವರ ಹಿಂದೆ ಓಡಿದ.

ದೂರದಲ್ಲಿ, ನಡುನೀರಿನಲ್ಲಿ, ಆ ದೋಣಿ ಸುಮ್ಮನೆ ಸುತ್ತುತ್ತಾ ಹೋಗುತ್ತಿತ್ತು. ಆಚೆ ದಡದ ಬಂದರಿನಿಂದ ಜನರನ್ನು ತುಂಬಿಕೊಂಡ ದೊಡ್ಡ ದೋಣಿ ಹಾರ್ನ್ ಹಾಕುತ್ತಾ ಅದರತ್ತಲೇ ಬರುತ್ತಿತ್ತು. ಅಷ್ಟರಲ್ಲಿ ಮಧುಶ್ರೀ ನೀರಿಗೆ ಹಾರಿದಳು. ಅಡವಿಯಪ್ಪ ಕಣ್ಣು ಮುಚ್ಚಿಕೊಂಡ. ಕೆರೆಯ ಮೆಟ್ಟಿಲು ಇಳಿದಳೆಂದು ಅವಳನ್ನು ಚಿಕ್ಕವಳಿದ್ದಾಗ ಬೆತ್ತ ಮುರಿಯುವಂತೆ ಹೊಡೆದವನು ಅವನು. ಈಜು ಎಲ್ಲಿಂದ ಬರಬೇಕು? ಮೊಮ್ಮಗಳ ಜೊತೆ ಮಗಳೂ ಹೋದಳು ಎಂದೇ ಅವನು ತೀರ್ಮಾನಿಸಿದ. ಕಣ್ಣು ತೆರೆದಾಗ ಅವಳು, ಈ ಊರಿಗೆ ಬಂದಮೇಲೆ ಯಾವಾಗ ಈಜು ಕಲಿತಳೋ, ಒಂದು ಕೈಯಲ್ಲಿ ದೋಣಿಯ ಅಂಚು ಹಿಡಿದು ಇನ್ನೊಂದನ್ನು ದೊಡ್ಡ ದೋಣಿಯತ್ತ ಬೀಸುತ್ತಿದ್ದಳು. ಎದುರಿನ ದೊಡ್ಡ ದೋಣಿ ಪಕ್ಕಕ್ಕೆ ಹೊರಳಿತು. ಮಧುಶ್ರೀ ತಳ್ಳಿಕೊಂಡು ಬಂದ ದೋಣಿಯನ್ನು ಲೀಲಕ್ಕ ಎದೆಮಟ್ಟ ನೀರಿಗಿಳಿದು ದಡಕ್ಕೆ ಎಳೆದಳು.

ಏದುಸಿರು ಬಿಡುತ್ತಾ ಅವನು ತಲುಪುವಷ್ಟರಲ್ಲಿ ಮಧುಶ್ರೀ ಕೂಸನ್ನು ಎದೆಗೆ ಅವುಚಿಕೊಂಡು ಮರಳಿನ ಮೇಲೆ ಕೂತಿದ್ದಳು. ಕೂಸು ಇನ್ನೂ ನಿದ್ದೆಯಲ್ಲೇ ಇತ್ತು. ಅಡವಿಯಪ್ಪ ಎರಡೂ ಕೈ ಚಾಚಿದ. ಮಗಳು ಹೆಗಲು ತಿರುಗಿಸಿಕೊಂಡಳು.

"ಮುಟ್ಬೇಡ. ಇವ್ರಿಗೆ ನೀರಿನ ಭಯ ಇಲ್ಲ ಅಂತಿದ್ಯಲ್ಲ, ನಿನ್ಗೆಲ್ಲಿ ಹೋಗಿತ್ತಪ್ಪಾ?"

ಅವನು ಅಲ್ಲೇ ಕುಸಿದ. ಅವಳ ಮಾತು ಸುಳ್ಳಲ್ಲ ಎನ್ನುವುದೇ ಅವನಿಗೆ ಸಹಿಸಲಾಗಲಿಲ್ಲ. ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ. "ಇವತ್ತೇ ಬಸ್ ಹತ್ತಿ ಹೊಂಟೋಯ್ತೀನಿ ಕಣವ್ವ. ಇನ್ ಯಾವತ್ತೂ ನನ್ ಕೈಗೆ ಈ ಕೂಸ್ನ ಕೊಡ್ಬ್ಯಾಡ."

ಲೀಲಕ್ಕ ಒದ್ದೆ ಸೆರಗು ಹಿಂಡಿಕೊಂಡಳು. ಸೊಸೆಯ ತೋಳಿನಿಂದ ಮಗುವನ್ನು ಮೆಲ್ಲಗೆ ಬಿಡಿಸಿಕೊಂಡು ಬಂದು ನೇರವಾಗಿ ಅವನ ಮಡಿಲಲ್ಲಿಟ್ಟಳು. ಅಡವಿಯಪ್ಪ ಬೆಂಕಿ ತಾಗಿದವನಂತೆ ಕೈ ಮೇಲೆತ್ತಿದ. "ಬ್ಯಾಡ ತಾಯಿ, ಬ್ಯಾಡ."

"ಹಿಡ್ಕೊಳ್ಳಿ" ಎಂದಳು ಲೀಲಕ್ಕ. "ಇನ್ನು ಈ ಊರಲ್ಲಿ ಇವಳನ್ನು ನಿಮ್ಮಷ್ಟು ಹೆದರಿಕೊಂಡು ನೋಡಿಕೊಳ್ಳುವವರು ಬೇರೆ ಯಾರಿದ್ದಾರೆ ಹೇಳಿ?"